ಬಾಳುವ ಹಣ್ಣು, ಬಾಡುವ ಹಣ್ಣು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಗೆ ರೋಗಿಯನ್ನು ಮಾತಾಡಿಸಲು ಬಂದವರ ಕೈಗಳನ್ನು ನೋಡಿ. ಒಂದರಲ್ಲಿ ಎಳನೀರು, ಇನ್ನೊಂದರಲ್ಲಿ ಬ್ರೆಡ್ಡು, ಹತ್ತರಲ್ಲಿ ಸೇಬು. ಕಲಘಟಗಿಯವರಿರಲಿ, ಸವಣೂರಿನವರಿರಲಿ, ತಮ್ಮ ಮನೆಯ ಮಕ್ಕಳಿಗೆ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಸೇಬು ತರುವವರು ಕೂಡ ಬಸ್ಸಿಳಿದು ಹಣ್ಣಿನ ಗಾಡಿಯ ಮುಂದೆ ನಿಂತು, "ಪೇಷಂಟಿಗೆ ಒಯ್ಯಾಕ್ರಿ, ಚಲೋವು ನೋಡಿ ಹಾಕ್ರಿ" ಅನ್ನುತ್ತಾರೆ. ಗಾಡಿಯವನು ಅಂಗಿಯ ತೋಳಿಗೊಮ್ಮೆ ಒರೆಸಿ, ಹೊಳೆಯುವ ನಾಲ್ಕು ಹಣ್ಣು ತಕ್ಕಡಿಗೆ ಇಡುತ್ತಾನೆ. ಅದೇ ರಸ್ತೆಯ ಆಚೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಪೇರಲ ಮಾರುವ ಅಜ್ಜಿಯ ಹತ್ತಿರ ಈ ಜನ ಹೋಗುವುದಿಲ್ಲ. ಹೋಗಿ ಪೇರಲ ತಂದರೆಂದೇ ಇಟ್ಟುಕೊಳ್ಳಿ, ಹಾಸಿಗೆಯ ಪಕ್ಕ ಕೂತ ಹಿರಿಯರು ಸುಮ್ಮನಿರುತ್ತಾರೆಯೇ? "ಥಂಡಿ ಆಗತೈತಿ, ಇದನ್ಯಾಕ ತಂದೀಯವಾ?"

ಸೇಬಿಗೆ ಈ ಗೌರವ ಎಲ್ಲಿಂದ ಬಂತು? ಅದರಲ್ಲಿರುವ ಸತ್ವದಿಂದ ಎಂದು ನಾವೆಲ್ಲ ನಂಬಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಸೇಬು ಒಳ್ಳೆಯ ಹಣ್ಣು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮೇಲೇರಿದ್ದು ಬಾಳಿಕೆಯ ಬಲದಿಂದ. ಕೆಡದೆ ಉಳಿಯುತ್ತದೆ, ಜಜ್ಜಿಹೋಗದೆ ಪ್ರಯಾಣ ಮಾಡುತ್ತದೆ, ದೂರದಿಂದ ಬಂದದ್ದರಿಂದ ತುಟ್ಟಿಯಾಗುತ್ತದೆ, ತುಟ್ಟಿಯಾದದ್ದರಿಂದ ಮರ್ಯಾದೆಯ ಉಡುಗೊರೆಯಾಗುತ್ತದೆ. ಅದರ ಇಡೀ ಚರಿತ್ರೆಯೇ ಹೊತ್ತೊಯ್ಯುವವರ ಚರಿತ್ರೆ.

ಮೊದಲು ಹೊತ್ತೊಯ್ದವು ಕರಡಿಗಳು. ಇಂದಿನ ಕಝಾಕಸ್ತಾನ, ಕಿರ್ಗಿಸ್ತಾನ ಮತ್ತು ಚೀನಾದ ಪಶ್ಚಿಮ ಅಂಚಿನಲ್ಲಿ ಹಬ್ಬಿರುವ ತಿಯಾನ್ ಶಾನ್ ಪರ್ವತಗಳ ಇಳಿಜಾರಿನಲ್ಲಿ ಕಾಡುಸೇಬಿನ ಮರಗಳು ಇವತ್ತಿಗೂ ಇವೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಮ್ಯಾಲಸ್ ಸೀವರ್ಸಿ. ಅಲ್ಲಿನ ಕರಡಿಗಳೂ, ಈಗ ಅಳಿದುಹೋಗಿರುವ ದೊಡ್ಡ ಪ್ರಾಣಿಗಳೂ ದಪ್ಪ ಹಣ್ಣು, ಸಿಹಿ ಹಣ್ಣು ನೋಡಿ ನೋಡಿ ತಿಂದು ಬೀಜವನ್ನು ದೂರದೂರಕ್ಕೆ ಚೆಲ್ಲಿದವು. ಹಾಗಾಗಿ ಮನುಷ್ಯ ಕೈಹಾಕುವ ಮೊದಲೇ ಆ ಕಾಡಿನ ಸೇಬು ಗಾತ್ರದಲ್ಲಿ ಬೆಳೆದುಬಿಟ್ಟಿತ್ತು. ಬೆಳೆಗಳ ತವರು ಹುಡುಕುತ್ತ ಜಗತ್ತು ಸುತ್ತಿದ ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್ 1929ರಲ್ಲಿ ಇಂದಿನ ಅಲ್ಮಾಟಿ ನಗರದ ಸುತ್ತಲ ಬೆಟ್ಟಗಳಿಗೆ ಬಂದು, ಊರಿನ ಬಗಲಲ್ಲೇ ಕಾಡಾಗಿ ನಿಂತ ಈ ಮರಗಳನ್ನು ನೋಡಿ ಸೇಬಿನ ತವರು ಇದೇ ಎಂದು ಗುರುತಿಸಿದ. ಲೋಕದ ಹಸಿವಿಗೆಂದು ಬೀಜ ಕೂಡಿಟ್ಟ ಆ ಮನುಷ್ಯ 1943ರಲ್ಲಿ ಸ್ಟಾಲಿನ್‌ನ ಸೆರೆಮನೆಯಲ್ಲಿ ಸತ್ತ. ಅವನ ಮಾತು ಸರಿ ಎಂದು ವಂಶವಾಹಿಗಳ ಪರೀಕ್ಷೆ ದಶಕಗಳ ನಂತರ ಸಾಬೀತು ಮಾಡಿತು.

ಕರಡಿಯ ನಂತರದ ಸರದಿ ಕುದುರೆಯದು, ವ್ಯಾಪಾರಿಯದು. ರೇಷ್ಮೆ ದಾರಿ ಆ ಬೆಟ್ಟಗಳ ಪಕ್ಕದಲ್ಲೇ ಹಾದುಹೋಗುತ್ತಿತ್ತು. 2017ರಲ್ಲಿ 117 ಬಗೆಯ ಸೇಬುಗಳ ತಳಿಗುಣ ಓದಿದ ಸಂಶೋಧಕರು ಒಂದು ಸ್ವಾರಸ್ಯ ಕಂಡರು. ಪಡುವಣಕ್ಕೆ ಹೋದ ಸೇಬು ದಾರಿಯಲ್ಲಿ ಯುರೋಪಿನ ಸಣ್ಣ, ಹುಳಿ, ಒಗರು ಕಾಡುಸೇಬಿನೊಂದಿಗೆ ಬೆರೆತುಹೋಗಿದೆ. ತವರಿನ ಹಣ್ಣು ದೊಡ್ಡದು, ಆದರೆ ಮೆತ್ತಗೆ, ರುಚಿ ಸಪ್ಪೆ. ಇಂದು ನಾವು ಕಚ್ಚಿದಾಗ ಕರುಂ ಎನ್ನುವ ಗಟ್ಟಿತನ, ನಾಲಗೆಗೆ ಹತ್ತುವ ಹುಳಿ ಆ ಬೀಗತನದಿಂದ ಬಂದಿರಬೇಕು ಎಂಬುದು ಅವರ ಅಂದಾಜು. ಅಂದರೆ ಬಾಳಿಕೆಯನ್ನು ಸೇಬು ಗಳಿಸಿದ್ದೂ ದಾರಿಯ ಮೇಲೆಯೇ.

ಸೇಬಿನ ಬೀಜ ನೆಟ್ಟರೆ ತಾಯಿಯಂಥ ಮಗು ಹುಟ್ಟುವುದಿಲ್ಲ. ಪ್ರತಿ ಬೀಜದಿಂದಲೂ ಬೇರೆಯದೇ ಮರ, ಬಹುಪಾಲು ತಿನ್ನಲಾಗದ ಹಣ್ಣು. ಆದ್ದರಿಂದ ಇಷ್ಟವಾದ ಮರದ ಕಡ್ಡಿ ತಂದು ಇನ್ನೊಂದು ಬೇರಿನ ಮೇಲೆ ಕಸಿ ಕಟ್ಟಲೇಬೇಕು. ನಮ್ಮ ಧಾರವಾಡದ ಕೆಲಗೇರಿಯ ಆಪೂಸ್ ಮಾವಿನದೂ ಇದೇ ಕಥೆ. ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹಿಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಮೊಳೆತ ಒಂದೇ ಒಂದು ಮರದಿಂದ ಹೀಗೆ ಕಸಿಯಾಗಿ ಕಸಿಯಾಗಿ ರೆಡ್ ಡೆಲಿಷಿಯಸ್ ತಳಿ ಲೋಕವನ್ನೆಲ್ಲ ತುಂಬಿತು.

ಅದನ್ನು ಭಾರತಕ್ಕೆ ತಂದವನ ಕಥೆ ಸಿನಿಮಾಕ್ಕೆ ಸಾಲುವಂಥದು. ಸ್ಯಾಮ್ಯುಯೆಲ್ ಸ್ಟೋಕ್ಸ್ ಫಿಲಡೆಲ್ಫಿಯಾದ ಸಿರಿವಂತರ ಮನೆಯ ಹುಡುಗ. 1904ರಲ್ಲಿ, ಎಳೆಯ ಪ್ರಾಯದಲ್ಲೇ, ಕುಷ್ಠರೋಗಿಗಳ ಸೇವೆಗೆಂದು ಶಿಮ್ಲಾ ಬೆಟ್ಟಗಳ ಕಡೆ ಬಂದ, ಕೋಟಗಢದಲ್ಲಿ ನೆಲೆನಿಂತ, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಕಾಶ್ಮೀರದಲ್ಲಿ ಅಂಬ್ರಿಯಂಥ ನಾಡಸೇಬು ಹಿಂದಿನಿಂದಲೂ ಇತ್ತು. ಕುಲುವಿನಲ್ಲಿ ಕ್ಯಾಪ್ಟನ್ ಲೀ ಎಂಬ ಇಂಗ್ಲಿಷ್ ಅಧಿಕಾರಿ 1870ರಲ್ಲೇ ತೋಟ ಹಾಕಿದ್ದ. ಆದರೆ ಆ ವಿಲಾಯತಿ ಹಣ್ಣು ಹುಳಿ, ನಮ್ಮವರ ಬಾಯಿಗೆ ಹಿಡಿಸಲಿಲ್ಲ. ಸ್ಟೋಕ್ಸ್ 1916ರ ಹೊತ್ತಿಗೆ ಡೆಲಿಷಿಯಸ್ ಸಸಿಗಳನ್ನು ತರಿಸಿ ನೆಟ್ಟ, ನೆರೆಹೊರೆಯ ಬಡ ರೈತರಿಗೂ ಹಂಚಿದ. ಸ್ವಾತಂತ್ರ್ಯ ಚಳವಳಿಗೆ ಇಳಿದು 1921ರಲ್ಲಿ ಜೈಲು ಸೇರಿದ. 1932ರಲ್ಲಿ ಹಿಂದೂ ಆಗಿ ಸತ್ಯಾನಂದನಾದ. ಹಿಮಾಚಲದ ಬೆಟ್ಟದ ಊರುಗಳಲ್ಲಿ ಇವತ್ತು ಕಾಣುವ ಮಹಡಿ ಮನೆಗಳ ಹಿಂದೆ ಅವನ ಸಸಿಗಳಿವೆ. ಸಿಹಿ, ಕೆಂಪು, ಗಟ್ಟಿ: ಸೇಬೆಂದರೆ ಹೀಗಿರಬೇಕು ಎಂದು ಈ ದೇಶದ ಕಣ್ಣಿಗೂ ನಾಲಗೆಗೂ ಕಲಿಸಿದ್ದು ಆ ಒಂದು ತಳಿ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಗೆ ಬರುವ ಹಣ್ಣು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ ಸವೆಸಿರುತ್ತದೆ. ಜುಲೈನಿಂದ ಹಿಮಾಚಲದ್ದು, ಆಗಸ್ಟ್ ಕಳೆದಂತೆ ಕಾಶ್ಮೀರದ್ದು. ದೇಶದ ಸೇಬಿನಲ್ಲಿ ಸುಮಾರು ಮುಕ್ಕಾಲು ಪಾಲು ಕಾಶ್ಮೀರ ಕಣಿವೆಯದೇ. ಹಾಗಾದರೆ ಮಾರ್ಚ್, ಏಪ್ರಿಲ್‌ನಲ್ಲಿ ದುರ್ಗದಬೈಲಿನ ಗಾಡಿಯಲ್ಲಿ ಕೆಂಪಗೆ ಕೂತಿರುವುದು ಯಾವುದು? ಒಂದೋ ಹೊರದೇಶದ್ದು, ಇಲ್ಲವೇ ಹೋದ ಶರತ್ಕಾಲದಲ್ಲಿ ಕಿತ್ತು ಶೈತ್ಯಾಗಾರದಲ್ಲಿ ಮಲಗಿಸಿದ್ದು. ಕಿತ್ತ ಮೇಲೂ ಸೇಬು ಉಸಿರಾಡುತ್ತಿರುತ್ತದೆ, ಎಥಿಲೀನ್ ಎಂಬ ಅನಿಲ ಬಿಡುತ್ತ ತನ್ನನ್ನು ತಾನೇ ಹಣ್ಣಾಗಿಸಿಕೊಳ್ಳುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿ, ಗಾಳಿಯ ಆಮ್ಲಜನಕವನ್ನು ಶೇ 21ರಿಂದ ಎರಡು ಮೂರಕ್ಕೆ ಇಳಿಸಿದರೆ ಆ ಉಸಿರು ನಿಧಾನವಾಗುತ್ತದೆ. ಆರು, ಎಂಟು ತಿಂಗಳ ನಂತರ ಹೊರತೆಗೆದರೂ ಕಚ್ಚಿದರೆ ಕರುಂ ಎನ್ನುತ್ತದೆ. ಇದರಲ್ಲಿ ಮೋಸವೇನಿಲ್ಲ, ವಿಷವೂ ಇಲ್ಲ. ಆದರೆ ಆಸ್ಪತ್ರೆಗೆ ಒಯ್ದ ‘ತಾಜಾ’ ಹಣ್ಣಿನ ವಯಸ್ಸು ಎಂಟು ತಿಂಗಳು ಇರಬಹುದೆಂದು ಗೊತ್ತಿದ್ದರೆ ಒಳ್ಳೆಯದು.

ಮೇಣದ ಭಯವನ್ನೂ ಇಲ್ಲೇ ಮುಗಿಸೋಣ. ಚಾಕುವಿನಿಂದ ಸೇಬು ಕೆರೆದು ಬಿಳಿ ಪುಡಿ ತೋರಿಸುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಸೇಬಿನ ಮೈಮೇಲೆ ಹುಟ್ಟಾ ಒಂದು ಮೇಣ ಇರುತ್ತದೆ. ತೊಳೆದಾಗ ಅದು ಹೋಗುವುದರಿಂದ ಕಾರ್ಖಾನೆಗಳಲ್ಲಿ ತೆಳುವಾಗಿ ಮತ್ತೆ ಸವರುತ್ತಾರೆ. ಜೇನುಮೇಣ, ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಮೇಣ, ಅರಗು ಇವಿಷ್ಟನ್ನು ಸವರಿ, ಸವರಿದ್ದೇವೆಂದು ತಿಳಿಸಿ ಮಾರಲು ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ. ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕು. ಗಾಡಿಯವನ ಅಂಗಿಯ ತೋಳಿಗಿಂತ ಮೇಣ ಹೆಚ್ಚು ಅಪಾಯವೇನಲ್ಲ! ಇನ್ನು ಹಣ್ಣಿಗೆ ಅಂಟಿಸಿದ ಚೀಟಿ: ಅದರಲ್ಲಿರುವ ನಾಲ್ಕಂಕಿಯ ಸಂಖ್ಯೆ ತಳಿ, ಗಾತ್ರ ಗುರುತಿಸಲು ಅಂಗಡಿಯ ಲೆಕ್ಕಕ್ಕಷ್ಟೇ. ಚೀಟಿ ಇದ್ದ ಮಾತ್ರಕ್ಕೆ ಹಣ್ಣು ಮೇಲುದರ್ಜೆಯದಾಗುವುದಿಲ್ಲ.

ಸತ್ವದ ಲೆಕ್ಕಕ್ಕೆ ಬರೋಣ. ಸಿಪ್ಪೆಸಹಿತ 100 ಗ್ರಾಂ ಸೇಬಿನಲ್ಲಿ ಸುಮಾರು 86 ಗ್ರಾಂ ನೀರು, 10 ಗ್ರಾಂ ಸಕ್ಕರೆ, 2.4 ಗ್ರಾಂ ನಾರು, 52 ಕ್ಯಾಲೊರಿ, 107 ಮಿಲಿಗ್ರಾಂ ಪೊಟ್ಯಾಸಿಯಂ ಮತ್ತು ಬರೀ 4.6 ಮಿಲಿಗ್ರಾಂ ವಿಟಮಿನ್ ಸಿ. ಅಷ್ಟೇ ತೂಕದ ಪೇರಲದಲ್ಲಿ ನಾರು 5.4 ಗ್ರಾಂ, ಪೊಟ್ಯಾಸಿಯಂ 417 ಮಿಲಿಗ್ರಾಂ, ವಿಟಮಿನ್ ಸಿ 228 ಮಿಲಿಗ್ರಾಂ. ದುಡಿಯುವ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ವಿಟಮಿನ್ ಸಿ ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಅದನ್ನು ಪೇರಲದಿಂದ ಪಡೆಯಲು ಅರ್ಧ ಕಾಯಿ ಸಾಕು. ಸೇಬಿನಿಂದಲೇ ಪಡೆಯುತ್ತೇನೆಂದು ಹಠ ಹಿಡಿದರೆ ಒಂದೂಮುಕ್ಕಾಲು ಕಿಲೋ ತಿನ್ನಬೇಕು.

ಉತ್ತರ ಕರ್ನಾಟಕದ ಊಟಕ್ಕೆ ಈ ಲೆಕ್ಕ ಇನ್ನೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇಲ್ಲವೆಂದಲ್ಲ. ಸಸ್ಯಮೂಲದ ಕಬ್ಬಿಣವನ್ನು ದೇಹ ಸಲೀಸಾಗಿ ಹೀರಿಕೊಳ್ಳುವುದಿಲ್ಲ, ಅಷ್ಟೇ. ಊಟದ ಜೊತೆ ವಿಟಮಿನ್ ಸಿ ಇದ್ದರೆ ಹೀರಿಕೆ ಏರುತ್ತದೆ. ರೊಟ್ಟಿಯ ತಾಟಿನ ಬದಿಗೆ ಒಂದು ಹೋಳು ಪೇರಲ, ಇಲ್ಲವೆ ಅರ್ಧ ನಿಂಬೆ ಮಾಡುವ ಕೆಲಸವನ್ನು ಸೇಬು ಮಾಡಲಾರದು. ಹೆಚ್ಚಿಟ್ಟ ಸೇಬು ಕಂದಾಗುವುದನ್ನು ತೋರಿಸಿ "ನೋಡು, ಕಬ್ಬಿಣ ಐತಿ ಇದರಾಗ" ಎಂದು ಬಸುರಿಗೆ ತಿನ್ನಿಸುವವರಿದ್ದಾರೆ. ಆ ಬಣ್ಣ ಕಬ್ಬಿಣದ್ದಲ್ಲ. ಹಣ್ಣಿನ ಪಾಲಿಫಿನಾಲ್‌ಗಳು ಗಾಳಿ ತಾಗಿ ಕಿಣ್ವದ ಕೈವಾಡದಿಂದ ಕಪ್ಪಾಗುವುದು, ಬದನೆಕಾಯಿಯಲ್ಲಾಗುವಂತೆ. 100 ಗ್ರಾಂ ಸೇಬಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಮಿನ ಎಂಟನೇ ಒಂದು ಪಾಲು.

ಹಾಗೆಂದು ಸೇಬನ್ನು ತಳ್ಳಿಹಾಕುವುದು ಅನ್ಯಾಯ. ಮೂತ್ರಪಿಂಡ ಸೋತವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಾರದು, ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅಂಥವರಿಗೆ ಎಳನೀರು, ಬಾಳೆಹಣ್ಣು, ಪೇರಲಕ್ಕೆ ವೈದ್ಯರು ಕೈ ಅಡ್ಡ ಹಿಡಿದು, ಅಳತೆಯಲ್ಲಿ ಸೇಬು ತಿನ್ನಿ ಎನ್ನುತ್ತಾರೆ. ಇಲ್ಲಿ ಸೇಬಿನ ಬಡತನವೇ ಅದರ ಗುಣ. ಡಯಾಲಿಸಿಸ್ ವಾರ್ಡಿಗೆ ಪ್ರೀತಿಯಿಂದ ಎಳನೀರು ಒಯ್ಯುವವರಿಗೆ ಯಾರಾದರೂ ಇದನ್ನು ಹೇಳಬೇಕು. ಹೊಟ್ಟೆ ಕೆಟ್ಟು ಸುಧಾರಿಸಿಕೊಳ್ಳುವವರಿಗೆ, ಅನ್ನ ಹಿಡಿಸುವ ಕೂಸಿಗೆ ಬೇಯಿಸಿ ಕಿವುಚಿದ ಸೇಬು ಹಗುರ. ಅದರ ಪೆಕ್ಟಿನ್ ನೀರು ಹೀರಿ ಲೋಳೆಯಾಗುತ್ತದೆ, ಸಕ್ಕರೆಯನ್ನು ನಿಧಾನವಾಗಿ ರಕ್ತಕ್ಕೆ ಬಿಡುತ್ತದೆ, ಕೊಲೆಸ್ಟರಾಲನ್ನೂ ತುಸು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರು ಒಂದು ಸೇಬಿಗೆ ಹೆದರಬೇಕಿಲ್ಲ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಅಮೆರಿಕದ 1,87,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಬ್ಲೂಬೆರಿ, ದ್ರಾಕ್ಷಿ, ಸೇಬು ಹೆಚ್ಚು ತಿಂದವರಲ್ಲಿ ಮಧುಮೇಹ ಕಡಿಮೆ, ಹಣ್ಣಿನ ರಸ ಹೆಚ್ಚು ಕುಡಿದವರಲ್ಲಿ ಜಾಸ್ತಿ ಎಂದು ಕಂಡುಬಂತು. ರಸ ಹಿಂಡಿದಾಗ ನಾರು ಹಿಂಡಿಯಲ್ಲೇ ಉಳಿದುಹೋಗುತ್ತದೆ. ಸಿಪ್ಪೆ ಹೆರೆದರೂ ನಷ್ಟವೇ. ನಾರಿನಲ್ಲಿ ಅರ್ಧದಷ್ಟು, ಕ್ವೆರ್ಸೆಟಿನ್ ಎಂಬ ಉಪಕಾರಿ ಅಂಶದ ಬಹುಪಾಲು ಸಿಪ್ಪೆಯಲ್ಲೇ ಇರುವುದು. ಅತಿಥಿಗೆಂದು ಚಂದಗೆ ಹೆರೆದು, ಫೋರ್ಕು ಚುಚ್ಚಿ ಕೊಡುವ ಹೊಸ ರೂಢಿಯಲ್ಲಿ ಮನೆಯ ದನ ನಮಗಿಂತ ಚೆನ್ನಾಗಿ ತಿನ್ನುತ್ತದೆ.

ದಿನಕ್ಕೊಂದು ಸೇಬು ತಿಂದರೆ ವೈದ್ಯ ದೂರ ಎಂಬ ಗಾದೆಯನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೂ ಬರೆದಿದ್ದಾರೆ. ಅದು ವೇಲ್ಸ್ ಕಡೆಯದು, 1866ರಲ್ಲಿ ಅಚ್ಚಾದ ರೂಪದಲ್ಲಿ ಮಲಗುವಾಗ ಸೇಬು ತಿಂದರೆ ವೈದ್ಯನ ಅನ್ನಕ್ಕೆ ಕಲ್ಲು ಎಂಬರ್ಥ ಬರುತ್ತದೆ. ಕೆಲವು ಸಂಶೋಧಕರು ಗಾದೆಯನ್ನೇ ಪರೀಕ್ಷೆಗೆ ಹಚ್ಚಿ, 2015ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಏಪ್ರಿಲ್ ಒಂದರ ಮೂರ್ಖರ ದಿನದ ಆಸುಪಾಸಿನಲ್ಲಿ, ಫಲಿತಾಂಶ ಬರೆದರು. 8,399 ಜನರಲ್ಲಿ ದಿನಾ ಸೇಬು ತಿನ್ನುವವರು ನೂರಕ್ಕೆ ಒಂಬತ್ತು ಮಂದಿ. ಓದು, ಆದಾಯ, ಸಿಗರೇಟಿನ ಚಟ ಎಲ್ಲ ಲೆಕ್ಕ ಹಿಡಿದ ಮೇಲೆ ನೋಡಿದರೆ ಅವರು ವೈದ್ಯರ ಬಳಿ ಹೋಗುವುದೇನೂ ಕಡಿಮೆಯಿರಲಿಲ್ಲ. ಔಷಧಿ ಚೀಟಿ ಮಾತ್ರ ತುಸು ಕಡಿಮೆ. ಸೇಬು ತಿನ್ನುವವರು ಮೊದಲೇ ಓದಿಕೊಂಡವರು, ಬೀಡಿ ಸೇದದವರು ಎಂಬುದು ಆ ಅಧ್ಯಯನದ ನಿಜವಾದ ಸುದ್ದಿ.

ಪೇರಲದ ಮೇಲೆ ಹೊರಿಸಿದ ನೆಗಡಿಯ ಆರೋಪಕ್ಕೂ ಹೀಗೇ ಒಂದು ಒಳಸುಳಿ ಇದೆ. ನೆಗಡಿ ತರುವುದು ವೈರಸ್ಸು, ಹಣ್ಣಲ್ಲ. ಆದರೆ ಪೇರಲ ಬರುವುದು ಮಳೆಗಾಲದಲ್ಲಿ ಮತ್ತು ಚಳಿಗಾಲದಲ್ಲಿ, ಧಾರವಾಡದ ಜಿಟಿಜಿಟಿಯಲ್ಲಿ ಮನೆಮಂದಿಯೆಲ್ಲ ಸೀನುವುದೂ ಆಗಲೇ. ಪಾಪ, ಜೊತೆಯಲ್ಲಿ ಕಂಡದ್ದಕ್ಕೆ ಶಿಕ್ಷೆ.

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ನವಲೂರು ಈಗ ಒಂದು ನಿಲ್ದಾಣದ ಹೆಸರು. ಸ್ವಲ್ಪ ವಯಸ್ಸಾದವರಿಗೆ ಅದು ಪೇರಲದ ಊರು. ದಕ್ಷಿಣ ಅಮೆರಿಕದ ಕಡೆಯ ಈ ಗಿಡ ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂತು, ಅಂದರೆ ಸೇಬಿನಷ್ಟೇ ಪರದೇಶಿ. ಆದರೆ ನವಲೂರಿನ ಮಣ್ಣಿಗೆ ಎಷ್ಟು ಒಗ್ಗಿತೆಂದರೆ ಊರಿನ ಹೆಸರು ಹೇಳಿದರೆ ಬೆಲೆ ಏರುತ್ತಿತ್ತು. ನಸುಕಿನಲ್ಲಿ ಕಿತ್ತ ಕಾಯಿಯನ್ನು ಹೆಂಗಸರು ಬುಟ್ಟಿಯಲ್ಲಿ ತಲೆಮೇಲೆ ಹೊತ್ತು ಧಾರವಾಡದ ಸುಭಾಸ ರೋಡಿಗೆ, ಹುಬ್ಬಳ್ಳಿಯ ಓಣಿಗಳಿಗೆ ತಂದು, "ಉಪ್ಪು ಖಾರ ಹಚ್ಚಿ ಕೊಡ್ಲೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು. ಈಗಲೂ ಕೇಳುತ್ತಾರೆ, ಬುಟ್ಟಿಗಳು ಕಡಿಮೆಯಾಗಿವೆ. ಅವಳಿ ನಗರಗಳು ಒಂದನ್ನೊಂದು ಮುಟ್ಟಲು ಹೊರಟಾಗ ನಡುವೆ ಸಿಕ್ಕ ತೋಟಗಳು ಲೇಔಟುಗಳಾದವು. ಒಂದು ಎಕರೆ ಪೇರಲ ಎಷ್ಟೇ ಫಲ ಕೊಟ್ಟರೂ ಒಂದು ಎಕರೆ ಪ್ಲಾಟಿನ ಮುಂದೆ ಅದರ ಆಟ ನಡೆಯದು. ಅದಕ್ಕೆ ಕೂಡಿಡುವ ಶಕ್ತಿಯೂ ಇಲ್ಲ. ಇವತ್ತು ಕಿತ್ತದ್ದು ನಾಲ್ಕೈದು ದಿನದಲ್ಲಿ ಮೆತ್ತಗಾಗುತ್ತದೆ, ಮಳೆಗಾಲದ ಫಸಲಿಗೆ ಹಣ್ಣುನೊಣದ ಹುಳು ಬೇರೆ. ಚೌಕಾಸಿ ಮಾಡುವ ಗಿರಾಕಿಗೆ ಸಂಜೆಯಾದಂತೆ ಬುಟ್ಟಿಯವಳು ಸೋಲಲೇಬೇಕು. ಶೈತ್ಯಾಗಾರದಲ್ಲಿ ಸೇಬಿಟ್ಟವನಿಗೆ ಆ ಅವಸರವಿಲ್ಲ.

ಇಷ್ಟರ ನಡುವೆ ಸೇಬೇ ನಮ್ಮ ಸೀಮೆಗೆ ಬಂದು ಬೇರೂರಿದೆ. 2025ರ ಏಪ್ರಿಲ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಬಾಗಲಕೋಟೆ ಜಿಲ್ಲೆಯ ಕುಳಲಿ ಗ್ರಾಮದ ರೈತ ಶ್ರೀಶೈಲ ತೇಲಿಯವರ ಹೆಸರು ಹೇಳಿದರು. 35 ಡಿಗ್ರಿ ದಾಟುವ ಬಿಸಿಲಲ್ಲಿ ಅವರು ಸೇಬು ಬೆಳೆದಿದ್ದಾರೆ. ಕೇಳಿದವರಿಗೆ ನಂಬುವುದು ಕಷ್ಟ. ಸೇಬಿನ ಮರಕ್ಕೆ ಚಳಿಗಾಲದ ನಿದ್ದೆ ಬೇಕು: 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಸಾವಿರ ಗಂಟೆಯಷ್ಟು ಕಳೆಯದಿದ್ದರೆ ಕಾಶ್ಮೀರದ ತಳಿಗಳು ಸರಿಯಾಗಿ ಹೂ ಬಿಡುವುದಿಲ್ಲ. ಬಾಗಲಕೋಟೆಯಲ್ಲಿ ಅಂಥ ಚಳಿ ಒಂದು ರಾತ್ರಿಗೂ ಗಟ್ಟಿಯಿಲ್ಲ. ಈ ಬೀಗ ತೆರೆದದ್ದು ಕಡಿಮೆ ಚಳಿ ಸಾಕೆನ್ನುವ ತಳಿಗಳು. ಇಸ್ರೇಲಿನ ಅನ್ನಾ, ಬಹಾಮಾಸ್ ದ್ವೀಪದ ಡಾರ್ಸೆಟ್ ಗೋಲ್ಡನ್, ಮತ್ತು ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ತಮ್ಮ ತಗ್ಗಿನ ಊರಿನಲ್ಲಿ ರೂಪಿಸಿದ ಎಚ್‌ಆರ್‌ಎಂಎನ್-99. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಕರ್ನಾಟಕಕ್ಕೆ ಇದು ತೀರ ಹೊಸದೂ ಅಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತ ಸೇಬಿನ ತೋಟಗಳಿದ್ದವು, ಆಮೇಲೆ ಇಲ್ಲವಾದವು. ಇಂಡೊನೇಷ್ಯಾದ ಜಾವಾ ದ್ವೀಪದ ಬಾಟು ಎಂಬಲ್ಲಿ ಚಳಿಯೇ ಇಲ್ಲದ ನೆಲದಲ್ಲಿ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ನಿದ್ದೆ ಮುಗಿಯಿತೆಂದು ಮರವನ್ನು ನಂಬಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಬಯಲುಸೀಮೆಯ ನಮ್ಮ ರೈತರೂ ಎಲೆ ಉದುರಿಸಿ ಸವರುವ ಈ ವಿದ್ಯೆ ಕಲಿಯಬೇಕಾಗುತ್ತದೆ. ಆದರೆ ನೋಡಿದ ಕೂಡಲೇ ಐದು ಎಕರೆಗೆ ಸಸಿ ಕೊಳ್ಳುವ ಅವಸರ ಬೇಡ. ಹತ್ತು ಗಿಡ ನೆಟ್ಟು, ಮೂರ್ನಾಲ್ಕು ವರ್ಷ ಫಲ ನೋಡಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ವಿಚಾರಿಸಿ ಮುಂದೆ ಹೋಗುವುದು ಜಾಣತನ. ಅಂತರ್ಜಾಲದಲ್ಲಿ ಸಸಿ ಮಾರುವವರ ಫೋಟೊದಲ್ಲಿ ಮರಕ್ಕಿಂತ ಹಣ್ಣೇ ಜಾಸ್ತಿ ಇರುತ್ತದೆ.

ಈ ಬಯಲುಸೀಮೆಯ ಸೇಬು ಕೊಯ್ಲಿಗೆ ಬರುವುದು ಜೂನ್ ಹೊತ್ತಿಗೆ, ಹಿಮಾಚಲದ ಹೊಸ ಹಣ್ಣು ಇನ್ನೂ ಇಳಿಯದ, ಶೈತ್ಯಾಗಾರದ ಹಳೆಯದು ಮುಗಿಯುತ್ತಿರುವ ದಿನಗಳಲ್ಲಿ. ಬೆಲೆ ಸಿಗುವುದು ಆ ಸಂದಿನಲ್ಲಿ. ಆದರೆ ಬೇಗ ಮಾಗುವ ಬೇಸಿಗೆ ಸೇಬುಗಳಿಗೆ ಬಾಳಿಕೆ ಕಡಿಮೆ. ಕಾಶ್ಮೀರದ ಹಣ್ಣಿನಂತೆ ಎಂಟು ತಿಂಗಳು ಮಲಗಿಸಿಡಲು ಬಾರದು, ಬಿಸಿಲಲ್ಲಿ ಕೆಂಪೂ ಪೂರ್ತಿ ಏರುವುದಿಲ್ಲ, ಹಳದಿ ಮೈಗೆ ಅಲ್ಲಲ್ಲಿ ಕೆಂಪು ಬಳಿದಂತಿರುತ್ತದೆ. ದಿಲ್ಲಿಗೆ ಕಳಿಸುತ್ತೇನೆಂದರೆ ಸಾಗದು. ಮುಧೋಳ, ಬಾಗಲಕೋಟೆ, ಹೆಚ್ಚೆಂದರೆ ಹುಬ್ಬಳ್ಳಿಯ ಜನತಾ ಬಜಾರಿನ ತನಕ ತಂದು, ಬಂದ ವಾರದಲ್ಲೇ ಮಾರಿ ಮುಗಿಸಬೇಕು, ಸಂಜೆಯ ಚೌಕಾಸಿಗೆ ಪೇರಲದ ಬುಟ್ಟಿಯವಳಷ್ಟೇ ತಗ್ಗಬೇಕು.